ಹಾವುಮೀನಿನ ಕುಣಿತ ಮತ್ತು ಯೋಕೆ ವಾಲಿಂಗ

ಹಿಡರ್‌ಸುಮ್ ಎಂಬ ಊರಿನ ಪುರಭವನದ ಎರಡನೆಯ ಮಹಡಿಯಲ್ಲಿ, ಮದುವೆ ನೋಂದಣಿಯ ಕೋಣೆಗೂ ಶೌಚಾಲಯಕ್ಕೂ ನಡುವೆ, ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಬಾಗಿಲ ಮೇಲೆ ಹೆಸರಾಗಲಿ ಹುದ್ದೆಯಾಗಲಿ ಇರಲಿಲ್ಲ. ಒಂದು ರಟ್ಟಿನ ಚೂರಿನ ಮೇಲೆ ದಪ್ಪಕ್ಷರದಲ್ಲಿ ಒಂದೇ ಪ್ರಶ್ನೆ ಇತ್ತು: "ಓದಿದಿರಾ?"

ಮದುವೆಗೆಂದು ಬಂದ ಜೋಡಿಗಳು ಎಷ್ಟೋ ಸಲ ಅದು ತಮಗೇ ಇರಬೇಕೆಂದು ಗಾಬರಿಯಾಗಿ ಕೈಯಲ್ಲಿದ್ದ ಅರ್ಜಿಯನ್ನು ಮತ್ತೊಮ್ಮೆ ಓದಿಕೊಳ್ಳುತ್ತಿದ್ದರು. ಪ್ರಶ್ನೆ ಇದ್ದದ್ದು ಪುರಸಭೆಯ ನೌಕರರಿಗೆ. ಕೇಳುತ್ತಿದ್ದವಳು ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಯೋಕೆ ವಾಲಿಂಗ.

ಯೋಕೆ ಬೇಕರಿಯವನ ಮಗಳು. ಎಂಬತ್ತೈದನೇ ಇಸವಿಯಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದವಳು. ಸೇರಿ ಆರು ತಿಂಗಳಾಗಿತ್ತೋ ಇಲ್ಲವೋ, ಬೀರುವಿನಷ್ಟು ದೊಡ್ಡ ಯೂನಿಕ್ಸ್ ಕಂಪ್ಯೂಟರ್ ಯಂತ್ರವೊಂದು ಬಂತು. ಅದರ ಬೆನ್ನಿಗೇ ಎರಡು ಗೂಡು ತುಂಬುವಷ್ಟು ಕೈಪಿಡಿಗಳೂ ಬಂದವು. ಯಂತ್ರ ತಂದವನು ಸ್ವಿಚ್ ಒತ್ತಿ, ಕಾಫಿ ಕುಡಿದು, "ಎಲ್ಲಾ ಅದ್ರಲ್ಲೇ ಇದೆ" ಎಂದು ಪುಸ್ತಕಗಳ ಕಡೆ ಗದ್ದ ತೋರಿಸಿ ಹೋದವನು ತಿರುಗಿ ಈ ಕಡೆ ತಲೆ ಹಾಕಲಿಲ್ಲ. ಗಂಡಸರೆಲ್ಲ ಯಂತ್ರದ ಸುತ್ತ ನಿಂತು ಅದು ಇದು ಒತ್ತಿ ನೋಡಿದರು. ಯೋಕೆ ಒಂದನೇ ಸಂಪುಟವನ್ನು ಕೆಳಗಿಳಿಸಿ, ಮಧ್ಯಾಹ್ನದ ಬ್ರೆಡ್ಡು ಚೀಸು ತಿನ್ನುತ್ತಾ ಓದತೊಡಗಿದಳು. ಮುಂದಿನ ಈಸ್ಟರ್ ಹೊತ್ತಿಗೆ ಹನ್ನೊಂದು ಸಂಪುಟ ಮುಗಿದಿತ್ತು. ಅಲ್ಲಿಂದಾಚೆ ಯಂತ್ರಗಳು ಸಣ್ಣವಾದವು, ಯೂನಿಕ್ಸ್ ಹೋಗಿ ಅದೇ ಜಾಯಮಾನದ ಲಿನಕ್ಸ್ ಬಂತು, ಮೇಯರುಗಳು ಆರು ಮಂದಿ ಬಂದು ಹೋದರು. ಯೋಕೆ ಮಾತ್ರ ಅದೇ ಕುರ್ಚಿಯಲ್ಲಿ ಅರವತ್ತು ದಾಟಿದಳು.

ಅವಳ ಶಾಸ್ತ್ರ ಬಹಳ ಚಿಕ್ಕದು: ಮೊದಲು ಓದು, ಆಮೇಲೆ ಮುಟ್ಟು. ಅದನ್ನು ಮೀರಿದವರ ಗತಿ ಹೇಳತೀರದು.

"ಯೋಕೆ, ನನ್ ಕಂಪ್ಯೂಟರ್ ನಿಂತೋಯ್ತು ಕಣ್ರೀ."

"ಪರದೆ ಮೇಲೆ ಏನು ಬರ್ದಿತ್ತು?"

"ಏನೋ ಬಂತು. ಸರಿ ಅಂತ ಒತ್ಬಿಟ್ಟೆ."

"ಏನೋ ಅಂದ್ರೆ?"

"ಓದ್ಲಿಲ್ಲ, ಉದ್ದ ಇತ್ತು."

"ಮನೇಗೆ ಕಾಗ್ದ ಬಂದ್ರೂ ಹೀಗೇ, ಓದ್ದೆ ಒಲೆಗೆ ಹಾಕ್ತೀರಾ?"

ಒಮ್ಮೆ ತೆರಿಗೆ ವಿಭಾಗದ ಸರ್ವರ್ ಜಾಗ ಸಾಲದೆ ಕಂಠಮಟ್ಟ ತುಂಬಿ ನಿಂತಿತು. ಹೊಸ ಡಿಸ್ಕ್ ತರಿಸಬೇಕೆಂದು ಎಲ್ಲರೂ ಅಂದರು. ಯೋಕೆ ಯಾವ ಫೋಲ್ಡರ್ ಎಷ್ಟು ತೂಗುತ್ತದೆಂದು ಒಂದೊಂದನ್ನೇ ಅಳೆಯುತ್ತಾ ಇಳಿದು ಇಳಿದು, ಉಪಕಾರ್ಯದರ್ಶಿಯ ಗಿಣಿಯ ನಾಲ್ಕು ಸಾವಿರ ಫೋಟೋಗಳ ಎದುರು ಹೋಗಿ ನಿಂತಳು. "ಅದು ಮಾತಾಡೋ ಗಿಣಿ" ಎಂದು ಅವನು ಸಮಜಾಯಿಷಿ ಕೊಟ್ಟ. "ಮಾತಾಡೋದಾದ್ರೆ ಫೋಟೋ ಯಾಕೆ?" ಎಂದಳು ಯೋಕೆ.

ಯಂತ್ರ ಮೊಂಡು ಬಿದ್ದರೆ ಆರಿಸಿ ಮತ್ತೆ ಹಚ್ಚುವುದು ಲೋಕಾರೂಢಿ. ಯೋಕೆಗೆ ಅದು ಆಗದು. ಕಾರಣ ತಿಳಿಯದೆ ಹಾಗೆ ಮಾಡುವುದು ಜ್ವರ ಬಂದವನಿಗೆ ಅಂಗಿ ಬದಲಾಯಿಸಿದ ಹಾಗೆ, ಎನ್ನುತ್ತಿದ್ದಳು.

ಇಂಥವಳ ಸುಪರ್ದಿಗೆ ಊರ ಗಂಟೆಗೋಪುರವೂ ಬಂದಿತ್ತು. ಮಾರುಕಟ್ಟೆ ಚೌಕದ ಆ ಗೋಪುರದಲ್ಲಿ ನಲವತ್ತಮೂರು ಗಂಟೆಗಳ ವಾದ್ಯವಿದೆ. ಶನಿವಾರದ ಸಂತೆಯ ಹೊತ್ತಿಗೆ ಅದನ್ನು ಕೈಯಾರೆ, ಮುಷ್ಟಿಯಿಂದ ಗುದ್ದಿ ಗುದ್ದಿ ನುಡಿಸುವವನು ರೊಂಬೌಟ್ ಫೆಕೆಸ್, ಊರಿನ ಗಂಟೆವಾದಕ. ಉಳಿದ ಹೊತ್ತಿನಲ್ಲಿ ಕಾಲು ಗಂಟೆಗೊಮ್ಮೆ ಒಂದು ತುಣುಕು ರಾಗವನ್ನು ಡಬರಿಯಷ್ಟು ಗಾತ್ರದ ಲಿನಕ್ಸ್ ಯಂತ್ರವೇ ಸುತ್ತಿಗೆಗಳಿಂದ ಹೊಡೆಸುತ್ತಿತ್ತು. ಆ ಯಂತ್ರದೊಳಗೆ ಕ್ರಾನ್ ಎಂಬ ಗುಮಾಸ್ತನಿದ್ದಾನೆ, ಮನುಷ್ಯನಲ್ಲ, ಒಂದು ಪ್ರೋಗ್ರಾಮು. ಅವನ ಮುಂದೊಂದು ವೇಳಾಪಟ್ಟಿ. ಪ್ರತಿ ಸಾಲಿನಲ್ಲೂ ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ ಎಂದು ಐದು ಮನೆ, ಕೊನೆಯಲ್ಲಿ ಮಾಡಬೇಕಾದ ಕೆಲಸ. ಬರೆದಿಟ್ಟದ್ದನ್ನು ಬರೆದಿಟ್ಟ ಹೊತ್ತಿಗೆ ಮಾಡುವುದಷ್ಟೇ ಅವನ ಬದುಕು.

ರೊಂಬೌಟ್‌ಗೂ ಯೋಕೆಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ.

"ನಿಮ್ ಡಬ್ಬ ನುಡಿಸೋದ್ರಲ್ಲಿ ಜೀವ ಇಲ್ಲ" ಎಂದು ಅವನು.

"ಟೈಮಿಗೆ ಸರ್ಯಾಗಿ ಬರುತ್ತಲ್ಲ, ಅಷ್ಟು ಸಾಕು" ಎಂದು ಇವಳು. ರೊಂಬೌಟ್ ಯಾವ ಸಭೆಗೂ ಹೊತ್ತಿಗೆ ಬಂದವನಲ್ಲ.

ಆ ವರ್ಷ ಆಗಸ್ಟ್ ಕೊನೆಯಲ್ಲಿ ರೊಂಬೌಟ್ ಕುತ್ತಿಗೆಯ ಬೋ ಸರಿಮಾಡಿಕೊಳ್ಳುತ್ತಾ ಯೋಕೆಯ ಕೋಣೆಗೆ ಬಂದ. ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ದೇಶದುದ್ದಕ್ಕೂ ಅಪಾಯದ ಸೈರನ್ ಕೂಗಿಸಿ ಪರೀಕ್ಷೆ ಮಾಡುತ್ತಾರಷ್ಟೆ. ಅದಾದ ಮೇಲೆ ಊರ ನಾಯಿಗಳು ಅರ್ಧ ತಾಸು ಊಳಿಡುತ್ತವೆ, ತೊಟ್ಟಿಲ ಕೂಸುಗಳು ಅಳುತ್ತವೆ. ಎಲ್ಲರ ಮನಸ್ಸು ತಿಳಿಯಾಗಲೆಂದು ಅವನೊಂದು ಪೋಲ್ಕಾ, ಪುಟಿಯುವ ಕುಣಿತದ ರಾಗ, ಕಟ್ಟಿದ್ದ. ಹೆಸರು 'ಹಾವುಮೀನಿನ ಕುಣಿತ'.

"ಮೇಯರಮ್ಮ ಒಪ್ಪಿದಾರೆ. ಹನ್ನೆರಡು ಐದಕ್ಕೆ. ಮೊದಲ ಸೋಮವಾರ ಮಾತ್ರ. ನಿಮ್ಮ ಡಬ್ಬಕ್ಕೆ ಇಷ್ಟು ಹೇಳಕ್ಕಾಗುತ್ತಾ?"

"ಒಂದು ಸಾಲಿನ ಕೆಲಸ" ಎಂದಳು ಯೋಕೆ.

ಆಗಸ್ಟ್ ಇಪ್ಪತ್ತೆಂಟು, ಶುಕ್ರವಾರ ಸಂಜೆ ನಾಲ್ಕಕ್ಕೆ ಆ ಸಾಲು ಬರೆದಳು. ಶುಕ್ರವಾರ ಸಂಜೆ ಯಾವ ಯಂತ್ರವನ್ನೂ ಮುಟ್ಟಬಾರದೆಂಬುದೂ ಅವಳದೇ ನಿಯಮ. ಆದರೆ ಒಂದೇ ಸಾಲು. ತಿಂಗಳ ಮೊದಲ ಸೋಮವಾರ ಎಂದರೆ ಒಂದರಿಂದ ಏಳನೇ ತಾರೀಕಿನೊಳಗೆ ಬರುವ ಸೋಮವಾರ ತಾನೆ? ತಾರೀಕಿನ ಮನೆಯಲ್ಲಿ ಒಂದರಿಂದ ಏಳು, ವಾರದ ಮನೆಯಲ್ಲಿ ಸೋಮ. ಪಕ್ಕದಲ್ಲಿ ತನ್ನ ಹೆಸರಿನ ಎರಡಕ್ಷರ, ಅಂದಿನ ದಿನಾಂಕ. ಬರೆದು, ಕೋಟು ಹಾಕಿಕೊಂಡು, ಸೈಕಲ್ ಹತ್ತಿ ಮನೆಗೆ ಹೋದಳು.

ಆಗಸ್ಟ್ ಮೂವತ್ತೊಂದು ಸೋಮವಾರವಾಗಿತ್ತು. ತಿಂಗಳ ಕೊನೆಯ ಸೋಮವಾರ. ಅಂದು ಹನ್ನೆರಡು ಐದಕ್ಕೆ ಹಾವುಮೀನು ಕುಣಿಯಿತು. ಯೋಕೆ ಪರೀಕ್ಷಿಸುತ್ತಿದ್ದಾಳೆ ಎಂದುಕೊಂಡ ರೊಂಬೌಟ್. ರೊಂಬೌಟ್ ತಾಲೀಮು ಮಾಡುತ್ತಿದ್ದಾನೆ ಎಂದುಕೊಂಡಳು ಯೋಕೆ. ಇಬ್ಬರೂ ಸುಮ್ಮನಿದ್ದರು.

ಮರುದಿನ ಮಂಗಳವಾರ ಅದೇ ಹೊತ್ತಿಗೆ ಮತ್ತೆ ಕುಣಿಯಿತು. ಯೋಕೆ ಆಗ ಗೋಪುರದ ಬುಡದಲ್ಲಿ ಡೌವೆಯ ಹೆರಿಂಗ್ ಮೀನಿನ ಗಾಡಿಯೆದುರು ನಿಂತಿದ್ದಳು.

"ಇದೇನ್ ತಾಯಿ, ಸೋಮವಾರದ ಪದ ಮಂಗಳವಾರ?" ಎಂದ ಡೌವೆ, ಈರುಳ್ಳಿ ಕೊಚ್ಚುತ್ತಾ. "ನಿಮ್ ಗಂಟೆಗೆ ಕ್ಯಾಲೆಂಡರ್ ಕೊಡ್ಸಿಲ್ವಾ?"

ಯೋಕೆ ಮೀನನ್ನು ಅರ್ಧಕ್ಕೇ ಬಿಟ್ಟು ಕೋಣೆಗೆ ಬಂದಳು. ಕೂತಲ್ಲಿಂದಲೇ ಗೋಪುರದ ಯಂತ್ರದೊಳಕ್ಕೆ ಹೋಗಿ ಮೊದಲು ಇವತ್ತು ಯಾವ ದಿನ ಎಂದು ಕೇಳಿದಳು. ಮಂಗಳವಾರ, ಸೆಪ್ಟೆಂಬರ್ ಒಂದು ಎಂದಿತು ಯಂತ್ರ. ಗಡಿಯಾರ ಸರಿ. ಲಾಗ್ ತೆಗೆದಳು. ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ ಅದು. ಹನ್ನೆರಡು ಐದಕ್ಕೆ ಹಾವುಮೀನಿನ ಕುಣಿತ ನುಡಿಸಿದ್ದೇನೆ ಎಂದು ಕ್ರಾನ್ ಸತ್ಯಸಂಧನಂತೆ ಒಪ್ಪಿಕೊಂಡಿದ್ದ. ವೇಳಾಪಟ್ಟಿ ತೆಗೆದು ತನ್ನ ಸಾಲು ನೋಡಿದಳು. ಒಂದರಿಂದ ಏಳು, ಸೋಮ. ಕನ್ನಡಿಯಷ್ಟು ಸ್ವಚ್ಛ.

ಸಾಲು ಸರಿಯಿದೆ, ಗಡಿಯಾರ ಸರಿಯಿದೆ, ಗುಮಾಸ್ತ ಸರಿಯಿದ್ದಾನೆ. ಅಂದಮೇಲೆ ಮನುಷ್ಯರ ಕೈವಾಡ. ತನ್ನ ರಾಗ ತಿಂಗಳಿಗೊಮ್ಮೆ ಕೇಳಿದರೆ ಸಾಲದೆಂದು ದಿನಾ ಕೇಳಿಸುವ ಆಸೆ ಇಡೀ ಊರಿನಲ್ಲಿ ಯಾರಿಗಿದ್ದೀತು? ಅವಳು ಯಂತ್ರದ ಪಾಸ್‌ವರ್ಡ್ ಬದಲಾಯಿಸಿದಳು.

ಬುಧವಾರ ಮತ್ತೆ ಕುಣಿಯಿತು. ಯೋಕೆ ನೆಟ್ಟಗೆ ಚೌಕಕ್ಕೆ ಹೋಗಿ, ಸಂಗೀತಶಾಲೆಯಿಂದ ಬರುತ್ತಿದ್ದ ರೊಂಬೌಟನನ್ನು ಮೀನಿನ ಗಾಡಿಯ ಮುಂದೆಯೇ ತಡೆದಳು.

"ಯಂತ್ರದ ಪೆಟ್ಟಿಗೆ ಕೀಲಿಕೈ ಕೊಡಿ."

"ಯಾಕೆ?"

"ಯಾಕೆ ಅಂತ ನಿಮಗೇ ಗೊತ್ತು."

ರೊಂಬೌಟನ ಕಿವಿ ಕೆಂಪಾದವು. "ನಾನು ಸಂಗೀತಗಾರ ಕಣ್ರೀ. ನಿಮ್ ಡಬ್ಬಕ್ಕೆ ಕೈ ಹಾಕೋ ಕರ್ಮ ನನಗೇನು?" ಎಂದು ಗೊಂಚಲಿನಿಂದ ಕೀಲಿಕೈ ಕಿತ್ತು ಗಾಡಿಯ ಹಲಗೆಯ ಮೇಲೆ ಕುಕ್ಕಿದ. ಅದು ಈರುಳ್ಳಿ ತಟ್ಟೆಯಲ್ಲಿ ಬಿತ್ತು. ಡೌವೆ ಚಿಮ್ಮಟದಲ್ಲಿ ಎತ್ತಿ ಒರೆಸಿ ಯೋಕೆಗೆ ಕೊಟ್ಟ. ಸಾಲಿನಲ್ಲಿದ್ದ ಏಳೆಂಟು ಜನ ಕಣ್ಣರಳಿಸಿಕೊಂಡು ನೋಡಿದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು.

ಗುರುವಾರವೂ ಕುಣಿಯಿತು. ಮೇಯರ್ ಶ್ರೀಮತಿ ಫಾನ್ ಸ್ಲೋತೆನ್ ಕರೆಸಿದರು. ಅವರು ಮೂರು ವಾಕ್ಯಕ್ಕಿಂತ ಉದ್ದದ ವಿವರಣೆ ಕೇಳುವವರಲ್ಲ.

"ಯೋಕೆ, ಆ ಸಾಲು ಅಳಿಸಿಬಿಡಿ. ಆಯ್ತಲ್ಲ?"

"ಅಳಿಸಿದ್ರೆ ಯಾಕ್ ಹೀಗಾಯ್ತು ಅಂತ ಯಾವತ್ತೂ ಗೊತ್ತಾಗಲ್ಲ."

"ಗೊತ್ತಾಗ್ದಿದ್ರೆ ಏನ್ ನಷ್ಟ?"

ಅಂಥದ್ದೊಂದು ಪ್ರಶ್ನೆ ಇರಬಹುದೆಂದೇ ಯೋಕೆಗೆ ಅದುವರೆಗೆ ತೋಚಿರಲಿಲ್ಲ. "ಸೋಮವಾರ ಪತ್ರಿಕೆಯೋರು ಬೇರೆ ಬರ್ತಾರೆ, ಆವತ್ತು ಸಾಲು ಬೇಕೇ ಬೇಕು" ಎಂದು ಹೇಳಿ ಹೊರಬಂದಳು.

ಶುಕ್ರವಾರ ಹನ್ನೆರಡು ನಾಲ್ಕಕ್ಕೆ ರೊಂಬೌಟ್ ಗಾಡಿಯ ಮುಂದೆ ಬಂದು ನಿಂತ. ಒಂದು ಹೆರಿಂಗ್ ಕೊಂಡ. ಯೋಕೆ ಪುರಭವನದ ಮೆಟ್ಟಿಲ ಮೇಲಿದ್ದಳು. ಅವಳಿಗೆ ಕಾಣುವಂತೆ ಅವನು ಎರಡೂ ಕೈ ಆಕಾಶಕ್ಕೆತ್ತಿದ. ಬಲಗೈಯಲ್ಲಿ ಬಾಲ ಹಿಡಿದ ಮೀನು ನೇತಾಡುತ್ತಿತ್ತು. ಹನ್ನೆರಡು ಐದಾಗುತ್ತಲೇ ಮೇಲಿನಿಂದ ಪೋಲ್ಕಾ ಶುರುವಾಯಿತು. ಮುಗಿಯುವ ತನಕ ಅವನು ಕೈ ಇಳಿಸಲಿಲ್ಲ. ಈರುಳ್ಳಿ ನೀರು ತೋಳಿನೊಳಗೆ ಇಳಿದರೂ ಇಳಿಸಲಿಲ್ಲ.

"ಸಾಕ್ಷಿ ನಾನಿದೀನಿ!" ಎಂದು ಡೌವೆ ಕೂಗಿ ಹೇಳಿದ. "ಇವ್ರ ಕೈ ಗಂಟೆ ಹತ್ರ ಇಲ್ಲ, ಮೀನಿನ ಹತ್ರ ಇದೆ!"

ಚೌಕವೆಲ್ಲ ನಕ್ಕಿತು. ಯೋಕೆ ನಗಲಿಲ್ಲ. ಮುಂಚೆಯೇ ಏನೋ ಹುದುಗಿಸಿಟ್ಟಿರಬೇಕು ಎಂದುಕೊಂಡು ಒಳಗೆ ಹೋಗಿ, ಆ ಯಂತ್ರದ ಒಂದೊಂದು ಕಡತವನ್ನೂ ಯಾರು ಯಾವಾಗ ಬದಲಿಸಿದ್ದೆಂದು ಶೋಧಿಸಿದಳು. ಮೂರು ತಿಂಗಳಲ್ಲಿ ವೇಳಾಪಟ್ಟಿಯನ್ನು ಮುಟ್ಟಿದವರು ಒಬ್ಬರೇ. ಆ ಹೆಸರಿನ ಎರಡಕ್ಷರ ನೋಡಿ, ಇವಳಂತೂ ಅಲ್ಲ ಎಂದು ಮುಂದೆ ಹೋದಳು.

ಶನಿವಾರ ರೊಂಬೌಟ್ ಸಂತೆಗೆ ನುಡಿಸಲು ಹತ್ತಲೇ ಇಲ್ಲ. "ಕಳ್ಳನಿಗೆ ಗೋಪುರ ಯಾಕೆ?" ಎಂದು ಹೇಳಿಕಳಿಸಿದ. ಅವನಿಲ್ಲದಿದ್ದರೂ ಹನ್ನೆರಡು ಐದಕ್ಕೆ ಅವನ ಪೋಲ್ಕಾ ಬಂತು. ಭಾನುವಾರ ದೊಡ್ಡ ಚರ್ಚಿನ ಪ್ರಾರ್ಥನೆ ಮುಗಿದು ಜನ ತಲೆತಗ್ಗಿಸಿ ಹೊರಬರುವ ಹೊತ್ತಿಗೂ ಬಂತು. ಅಂದಿನ ಪ್ರವಚನ ಪಶ್ಚಾತ್ತಾಪದ ಮೇಲಿತ್ತಂತೆ.

"ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಆಯ್ತಲ್ಲ ನಿಮ್ ಗೋಪುರ" ಎಂದ ಡೌವೆ. ಅಂದನೇ ಹೊರತು, ಮೀನು ಸೀಳುವಾಗ ಅವನೂ ಅದನ್ನೇ ಸಿಳ್ಳೆ ಹಾಕುತ್ತಿದ್ದ.

ಏಳನೇ ತಾರೀಕು ಸೋಮವಾರ. ಸೈರನ್ ಕೂಗಿತು. ಐದು ನಿಮಿಷಕ್ಕೆ ಹಾವುಮೀನು ಕುಣಿಯಿತು, ಪತ್ರಿಕೆಯವರು ಫೋಟೋ ತೆಗೆದರು, ಮೇಯರ್ ಕೈ ಕುಲುಕಿದರು. ಯೋಕೆಗೆ ಮಾತ್ರ ಮೈಯೆಲ್ಲ ತುರಿಕೆಯಂಥ ಸಂಕಟ. ಅಂದು ಮಧ್ಯಾಹ್ನ ಮೂರಕ್ಕೆ, ಬಾಗಿಲು ಹಾಕಿಕೊಂಡು, ಮೂವತ್ತು ವರ್ಷ ಯಾರಿಗೂ ಮಾಡಗೊಡದ ಕೆಲಸವನ್ನು ಮಾಡಿದಳು. ಗೋಪುರದ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು.

ಮಂಗಳವಾರ ಹನ್ನೆರಡು ಐದಕ್ಕೆ ಗೋಪುರ ತೆಪ್ಪಗಿತ್ತು. ಬುಧವಾರವೂ ತೆಪ್ಪಗಿತ್ತು.

ಯೋಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಏನೋ ಒಂದು ಒಳಗೆ ಸಿಕ್ಕಿಕೊಂಡಿತ್ತು, ಬಿಡಿಸಿದೆ ಎಂದು ಸಿಕ್ಕವರಿಗೆಲ್ಲ ಹೇಳಿದಳು. ಗೆದ್ದವರೇ ಸಿಹಿ ಹಂಚುವುದು ಅಲ್ಲಿನ ರೂಢಿ. ಗುರುವಾರ ಗುಲಾಬಿ ಬಣ್ಣದ ಸಕ್ಕರೆ ಮೆತ್ತಿದ ದೊಡ್ಡ ಕಿತ್ತಳೆ ಕೇಕು ತಂದು ಪ್ರತಿ ಮಹಡಿಗೂ ಹೊತ್ತುಕೊಂಡು ಹೋದಳು. ಉಪಕಾರ್ಯದರ್ಶಿ ಎರಡು ತುಂಡು ತಿಂದ.

"ಹೇಗ್ ಸರಿ ಮಾಡಿದ್ರಿ?" ಎಂದು ಕೇಳಿದ.

"ಅನುಭವ" ಎಂದಳು ಯೋಕೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದನ್ನು ಕಂಡು ಕೊಂಬೆ ಮುರಿದದ್ದು ತಾನೇ ಎಂದು ಕಾಗೆ ಕೇಕು ಹಂಚಿದ ಹಾಗಾಯಿತು ಇದು. ಆದರೆ ಅಂದು ಯಾರಿಗೂ ತಿಳಿಯಲಿಲ್ಲ.

ಹದಿನಾಲ್ಕನೇ ತಾರೀಕು, ಮತ್ತೆ ಸೋಮವಾರ, ಹಾಯೆ ಬ್ರಾಂಟ್ಸ್ಮನ ಶವಸಂಸ್ಕಾರ. ಹಾಯೆ ನಲವತ್ತು ವರ್ಷ ಊರ ಕಾಲುವೆಯ ಏರು ಸೇತುವೆ ಕಾದವನು. ಆ ನಲವತ್ತು ವರ್ಷವೂ ಅವನು ನಕ್ಕಿದ್ದನ್ನು ಕಂಡವರಿರಲಿಲ್ಲ. ದೋಣಿಯವರು ಬೇಗ ಎತ್ತಪ್ಪಾ ಎಂದು ಗೋಗರೆದರೂ ತನ್ನ ಹೆಜ್ಜೆಯ ಲೆಕ್ಕ ತಪ್ಪಿಸದೆ ನಡೆದು ಹೋಗಿ ಸೇತುವೆ ಎತ್ತುವವನು. ಗೌರವಕ್ಕೆಂದು ಪುರಭವನದ ಬಾವುಟ ಅರ್ಧಕ್ಕಿಳಿದಿತ್ತು, ನೌಕರರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಯೋಕೆ ಮೇಯರರ ಪಕ್ಕದಲ್ಲಿದ್ದಳು.

ಚರ್ಚಿನ ಬಾಗಿಲು ತೆರೆಯಿತು. ಕಪ್ಪು ಕೋಟಿನ ಆರು ಮಂದಿ ಹೆಗಲ ಮೇಲೆ ಪೆಟ್ಟಿಗೆ ಹೊತ್ತು, ನಿಧಾನವಾಗಿ, ಒಂದೇ ಹೆಜ್ಜೆಯಲ್ಲಿ ಚೌಕಕ್ಕಿಳಿದರು. ಹಿಂದೆ ಹಾಯೆಯ ಹೆಂಡತಿ, ಎಂಬತ್ತಾರರ ಫ್ರೌಕ್ಯೆ, ಕೋಲೂರಿಕೊಂಡು ಬಂದಳು. ಚೌಕದಲ್ಲಿ ಉಸಿರು ಕೇಳುವಷ್ಟು ನಿಶ್ಶಬ್ದ. ಅವರು ನಡು ಚೌಕಕ್ಕೆ ಬಂದಾಗ ಸರಿಯಾಗಿ ಹನ್ನೆರಡು ಐದು.

ಟಿಣ್ ಟಿಣ್ ಟಿಣಕು, ಟಿಣ್ ಟಿಣ್ ಟಿಣಕು.

ಹೊತ್ತವರು ಪಾಪ ಬಹಳ ಸಂಯಮದವರು, ಮುಖ ಅಲುಗಿಸಲಿಲ್ಲ. ಆದರೆ ಎಂಟು ದಿನ ಬಿಡದೆ ಕಿವಿಗೆ ಬಿದ್ದ ತಾಳ ಕಾಲಿನೊಳಗೆ ಸೇರಿಹೋಗಿತ್ತು. ಮೊದಲು ಎಡಗಡೆ ಮುಂದಿನವನ ಹೆಜ್ಜೆ ತುಸು ಪುಟಿಯಿತು. ಅವನಿಗೆ ಸರಿಗೂಡಿಸಲು ಹೋಗಿ ಬಲಗಡೆಯವನು ಪುಟಿದ. ಹಿಂದಿನ ನಾಲ್ವರು ಪೆಟ್ಟಿಗೆ ವಾಲದಂತೆ ತಾವೂ ಹೆಜ್ಜೆ ಕೂಡಿಸಲೇಬೇಕಾಯಿತು. ಹಾಯೆ ಬ್ರಾಂಟ್ಸ್ಮ ಊರ ಮಾರುಕಟ್ಟೆ ಚೌಕವನ್ನು ಮೇಲೆ ಕೆಳಗೆ ಲಾಲಿಯಾಡುತ್ತಾ, ಪೋಲ್ಕಾದ ಹದಕ್ಕೆ ದಾಟಿದ.

ಮೇಯರ್ ತುಟಿ ಅಲುಗಿಸದೆ ಕೇಳಿದರು: "ಯೋಕೆ, ನಾನು ತಿಂದಿದ್ದು ಯಾವುದರ ಕೇಕು?"

ಯೋಕೆ ಕಚೇರಿಗೆ ಹೋಗಲಿಲ್ಲ. ಸೈಕಲ್ ಹತ್ತಿ ನೇರ ಮನೆಗೆ ಹೋದಳು. ಗಂಡ ವೊಬ್ಬೆ ಅಡುಗೆಮನೆಯ ಮೇಜಿನ ಮುಂದೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಅವನು ಕಾಲುವೆಗಳಲ್ಲಿ ಸರಕಿನ ದೋಣಿ ನಡೆಸಿ ನಿವೃತ್ತನಾದವನು. ಕಂಪ್ಯೂಟರ್ ಎಂದರೆ ಹವಾಮಾನ ನೋಡುವ ಪೆಟ್ಟಿಗೆ, ಅಷ್ಟೆ.

"ಊಟ ಬೇಡ" ಎಂದಳು ಯೋಕೆ. ಬೇಡವೆಂದವಳು ಅವನ ಬ್ರೆಡ್ಡನ್ನೇ ತೆಗೆದು ಕಚ್ಚಿ ಇಡೀ ಪುರಾಣ ಹೇಳಿದಳು. ವೊಬ್ಬೆ ಇನ್ನೊಂದು ತುಂಡಿಗೆ ಬೆಣ್ಣೆ ಸವರುತ್ತಾ ಕೇಳಿಸಿಕೊಂಡ.

"ಆ ಸಾಲಲ್ಲಿ ಏನ್ ಬರ್ದಿದೀಯ? ಬರ್ದ ಹಾಗೇ ಓದು."

"ಒಂದರಿಂದ ಏಳನೇ ತಾರೀಕು. ಸೋಮವಾರ. ಇಷ್ಟೇ. ಮಗೂಗೂ ಅರ್ಥ ಆಗುತ್ತೆ."

"ಎರಡಕ್ಕೂ ನಡುವೆ?"

"ನಡುವೆ ಏನಿರುತ್ತೆ? ಖಾಲಿ ಜಾಗ."

ವೊಬ್ಬೆ ಬೆಣ್ಣೆ ಚಾಕು ಕೆಳಗಿಟ್ಟ. "ಜಲದ್ವಾರದ ಗೇಟಲ್ಲಿ ಒಂದು ಬೋರ್ಡ್ ಇದೆ ನೋಡು. 'ನಾಯಿ, ಸೈಕಲ್ ಪ್ರವೇಶವಿಲ್ಲ' ಅಂತ. ಒಂದ್ಸಲ ಒಬ್ಬ ನಾಯಿ ಹಿಡ್ಕೊಂಡ್ ಬಂದ. ಬಿಡಲ್ಲ ಅಂದ್ರು. 'ಸೈಕಲ್ ಎಲ್ಲಿದೆ ನನ್ ಹತ್ರ? ನಾಯೀನೂ ಸೈಕಲ್ಲೂ ಎರಡೂ ಇದ್ರೆ ತಾನೇ ಬಿಡಬಾರ್ದು?' ಅಂತ ವಾದ ಮಾಡ್ದ."

"ಆಮೇಲೆ?"

"ಆಮೇಲೇನು? ಕೈಗೆ ದಂಡದ ಚೀಟಿ ಕೊಟ್ರು."

ಯೋಕೆ ಅಗಿಯುವುದನ್ನು ನಿಲ್ಲಿಸಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಪೋಲ್ಕಾ ಬಂದ ದಿನಗಳಿಗೆ ಅವಳು ಕೆಂಪು ಗುರುತು ಹಾಕುತ್ತಾ ಬಂದಿದ್ದಳು. ಎದ್ದು ಹೋಗಿ ಬೆರಳಿಟ್ಟು ನೋಡಿದಳು. ಮೂವತ್ತೊಂದು, ಸೋಮವಾರ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಇವತ್ತು ಹದಿನಾಲ್ಕು, ಸೋಮವಾರ. ಒಂದರಿಂದ ಏಳರವರೆಗಿನ ಎಲ್ಲ ದಿನ, ಅದಲ್ಲದೆ ಎಲ್ಲ ಸೋಮವಾರ. ನಾಯಿ ಬಂದರೂ ದಂಡ, ಸೈಕಲ್ ಬಂದರೂ ದಂಡ.

"ಅಯ್ಯೋ ನನ್ನ ಕರ್ಮ!" ಎಂದವಳು ಕೋಟನ್ನೂ ಹಾಕಿಕೊಳ್ಳದೆ ಓಡಿದಳು.

"ಬ್ರೆಡ್ಡು ಮುಗ್ಸು!" ಎಂದು ವೊಬ್ಬೆ ಕೂಗಿದ್ದು ಸೈಕಲ್ಲಿಗೆ ಕೇಳಿಸಲಿಲ್ಲ.

ಕೋಣೆಗೆ ಬಂದು ಕ್ರಾನ್‌ನ ಕೈಪಿಡಿ ತೆರೆದಳು. ಎಂಬತ್ತಾರರಲ್ಲಿ ಅದನ್ನು ಓದಿದ್ದಳು, ನಿಜ. ಆಗ ಪುರಸಭೆಯ ಬೆಳಗಿನ ವರದಿ ಪ್ರತಿದಿನ ಎಂಟಕ್ಕೆ ಅಚ್ಚಾಗಬೇಕಿತ್ತು, ತಾರೀಕು ವಾರಗಳ ಗೊಡವೆಯೇ ಇರಲಿಲ್ಲ. ಆ ಭಾಗವನ್ನು ಕಣ್ಣಾಡಿಸಿ ಬಿಟ್ಟಿದ್ದಳು. ಮೂವತ್ತು ವರ್ಷ ಗೊತ್ತಿದೆ ಎಂದುಕೊಂಡೇ ಬಂದಿದ್ದಳು. ಈಗ ಪುಟದ ಕೆಳಗೆ, ಸೂಚನೆ ಎಂಬ ತಲೆಬರಹದಡಿ, ತಣ್ಣಗೆ ಕೂತಿತ್ತು: ತಾರೀಕು, ವಾರ ಎರಡೂ ಮನೆಗಳನ್ನು ತುಂಬಿದರೆ ಯಾವುದಾದರೊಂದು ಹೊಂದಿದರೂ ಕೆಲಸ ನಡೆಯುತ್ತದೆ. ಅವಳು ಬರೆದದ್ದು 'ಮತ್ತು' ಎಂದು. ಗುಮಾಸ್ತ ಓದಿದ್ದು 'ಅಥವಾ' ಎಂದು. ಅವನ ಪುಸ್ತಕದಲ್ಲಿ ಹಾಗೇ ಇತ್ತು.

ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಯೋಕೆ ಅಂದು ದೀಪವಾಗಿ ನಿಂತು ಕಂಡಳು. ಕ್ಷಣ ಹೊತ್ತು, ಸದ್ದಿಲ್ಲದೆ ಸಾಲನ್ನು ತಿದ್ದಿ, ಮತ್ತೇನೋ ಸಿಕ್ಕಿಕೊಂಡಿತ್ತು ಎಂದುಬಿಡೋಣ ಎಂದೂ ಅನ್ನಿಸಿತು. ಯಾರಿಗೆ ತಿಳಿಯುತ್ತಿತ್ತು? ಆದರೆ ಆ ಎರಡಕ್ಷರಗಳು ಸಾಲಿನ ಪಕ್ಕದಲ್ಲೇ ಇದ್ದವು. ಅವಳೇ ಹಾಕಿದ ನಿಯಮ: ಮಾಡಿದವರು ಹೆಸರು ಬರೆಯಬೇಕು.

ಸಾಲನ್ನು ತಿದ್ದಿದಳು. ವಾರದ ಮನೆಯನ್ನು ಬಿಟ್ಟು ತಾರೀಕಿನ ಮನೆಯಲ್ಲಷ್ಟೇ ಒಂದರಿಂದ ಏಳು ಉಳಿಸಿ, ಇವತ್ತು ಸೋಮವಾರವೇ ಎಂದು ಮೊದಲು ಕೇಳು, ಹೌದಾದರೆ ಮಾತ್ರ ನುಡಿಸು ಎಂದು ಕೆಲಸದ ಮನೆಯಲ್ಲಿ ಬರೆದಳು. ಈ ಸಲ ಕೈಪಿಡಿಯನ್ನು ಮೊದಲಕ್ಷರದಿಂದ ಕೊನೆಯಕ್ಷರದ ತನಕ ಓದಿದಳು. ಓದಿದ್ದಕ್ಕೆ ಇನ್ನೊಂದು ಹೊಂಡವೂ ಕಾಣಿಸಿತು: ಆ ಪಟ್ಟಿಯಲ್ಲಿ ಶೇಕಡಾ ಚಿಹ್ನೆಯನ್ನು ಹಾಗೇ ಬರೆದರೆ ಗುಮಾಸ್ತ ಅಲ್ಲಿಗೇ ಸಾಲು ಮುಗಿಯಿತೆಂದುಕೊಳ್ಳುತ್ತಾನೆ, ಚಿಹ್ನೆಗೂ ಮೊದಲು ಒಂದು ಓರೆಗೆರೆ ಬೇಕು. ವಾರ ಕೇಳುವುದಕ್ಕೆ ಅವಳು ಆ ಚಿಹ್ನೆ ಬಳಸಿದ್ದಳು. ಓರೆಗೆರೆ ಹಾಕಿ, ಹಣೆ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಎರಡು ಕಡೆ ಹೋಗುವುದಿತ್ತು. ಮೊದಲು ಫ್ರೌಕ್ಯೆಯ ಮನೆಗೆ ಹೋದಳು. ಮುದುಕಿ ಕಾಫಿಗಿಟ್ಟು ಎದುರು ಕೂತಳು. ಯೋಕೆ ತಾರೀಕು ವಾರಗಳ ವಿಷಯ ಶುರುಮಾಡಿದಾಗ ಕೈಯೆತ್ತಿ ತಡೆದಳು.

"ಅದೆಲ್ಲ ನಂಗ್ಯಾಕಮ್ಮಾ. ಐವತ್ತೆಂಟು ವರ್ಷ ಸಂಸಾರ ಮಾಡಿದೀನಿ. ಮದುವೆ ದಿನವೂ ನನ್ ಜೊತೆ ಕುಣೀಲಿಲ್ಲ ಆ ಮನುಷ್ಯ. ಕಾಲು ನೋವು ಅಂದ್ರು. ಕಾಲೇನೂ ನೋಯ್ತಿರ್ಲಿಲ್ಲ, ನಾಚಿಕೆ." ಮುದುಕಿಯ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಯೋಕೆ ಗಾಬರಿಯಾದಳು. ಅವಳು ನಗುತ್ತಿದ್ದಳು. "ನಿನ್ನೆ ಆರು ಜನರ ಹೆಗಲ ಮೇಲೆ ಕುಣಿಸಿಬಿಟ್ರಲ್ಲ! ಬಿಸ್ಕತ್ತು ತಗೋ, ಇನ್ನೊಂದು ತಗೋ."

ಎರಡನೆಯದು ಕಷ್ಟದ್ದು. ಗೋಪುರಕ್ಕೆ ನೂರ ತೊಂಬತ್ತೆರಡು ಮೆಟ್ಟಿಲು, ಯೋಕೆಯ ಎಡ ಮಂಡಿ ಅಷ್ಟಕ್ಕಷ್ಟೆ. ರೊಂಬೌಟ್ ಶನಿವಾರದ ನುಡಿಸಾಣಿಕೆ ಬಿಟ್ಟಿದ್ದರೂ ಮಂಗಳವಾರದ ಅಭ್ಯಾಸ ಬಿಟ್ಟಿರಲಿಲ್ಲ. ಯೋಕೆ ಏದುಸಿರು ಬಿಡುತ್ತಾ ಅವನ ಗೂಡಿಗೆ ತಲೆ ಹಾಕಿದಾಗ ಅವನು ಬೆನ್ನು ತಿರುಗಿಸಿ ಮರದ ಹಿಡಿಗಳನ್ನು ಗುದ್ದುತ್ತಿದ್ದ. ತಲೆಯ ಮೇಲೆ ನಲವತ್ತಮೂರು ಗಂಟೆ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

"ತಪ್ಪು ನಂದು!" ಎಂದಳು ಯೋಕೆ.

"ಏನು?"

"ತಪ್ಪು ನಂದು ಅಂದೆ!"

"ಗಂಟೆ ಸದ್ದು, ಕೇಳಿಸ್ತಿಲ್ಲ!"

"ಸಾಲು ತಪ್ಪು ಬರ್ದಿದ್ದು ನಾನು! ನೀವಲ್ಲ! ನಿಮ್ಮನ್ನ ಕಳ್ಳ ಅಂದ್ಕೊಂಡೆ! ಹೊಟ್ಟೆಗೆ ಹಾಕ್ಕೊಳ್ಳಿ!"

ಆಕೆ ಇದನ್ನು ಗಂಟಲು ಹರಿಯುವಂತೆ ಕೂಗುವುದಕ್ಕೂ ಅವನು ಕೈ ನಿಲ್ಲಿಸುವುದಕ್ಕೂ ಸರಿಹೋಯಿತು. ಗೋಪುರದ ಕಿಂಡಿಗಳಿಂದ ಆ ಮಾತು ಚೌಕಕ್ಕೆಲ್ಲ ಕೇಳಿಸಿತು. ಕೆಳಗಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಡೌವೆಯೇ ಇರಬೇಕು.

ರೊಂಬೌಟ್ ನಿಧಾನವಾಗಿ ತಿರುಗಿದ. "ಈಗ್ ಕೇಳಿಸ್ತು" ಎಂದ.

ಯೋಕೆ ಜೇಬಿನಿಂದ ಕೀಲಿಕೈ ತೆಗೆದು ಮುಂದೆ ಹಿಡಿದಳು. ಅವನು ಇಸಿದುಕೊಂಡು ಮೂಸಿ ನೋಡಿದ.

"ಇನ್ನೂ ಈರುಳ್ಳಿ ವಾಸನೆ ಇದೆ." ಆಮೇಲೆ ತನ್ನ ಕುರ್ಚಿಯನ್ನು ಅವಳ ಕಡೆ ತಳ್ಳಿದ. "ಕೂತ್ಕೊಳ್ಳಿ, ಬಿದ್ದೀರಿ. ಒಂದ್ ಮಾತ್ ಹೇಳ್ಲಾ? ಬೈಕೋಬಾರ್ದು. ಎಂಟ್ ದಿನ ಬಿಡದೆ ಬಂತಲ್ಲ, ನಂಗೆ ಸಿಟ್ಟಿತ್ತು, ಸುಳ್ಳಲ್ಲ. ಆದ್ರೆ ಬುಧವಾರ ಸಂಜೆ ಟಪಾಲಿನ ಹುಡುಗಿ ನನ್ ರಾಗ ಗುನುಗ್ತಾ ಹೋದ್ಳು. ಇಪ್ಪತ್ತಾರು ವರ್ಷದಿಂದ ನುಡಿಸ್ತಿದೀನಿ, ಒಬ್ರಾದ್ರೂ ಗುನುಗಿದ್ದು ಅದೇ ಮೊದ್ಲು."

ಯೋಕೆ ಮಂಡಿ ಒತ್ತಿಕೊಳ್ಳುತ್ತಾ, "ರಾಗ ಚೆನ್ನಾಗಿದೆ" ಎಂದಳು. ಅವನ ಸಂಗೀತದ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು ಅದು.

ಮೇಯರರಿಗೆ ಲಿಖಿತ ವರದಿ ಬೇಕಿತ್ತು. ಯೋಕೆ ಎರಡೇ ಸಾಲು ಕೊಟ್ಟಳು: 'ಮತ್ತು ಎಂಬಲ್ಲಿ ಅಥವಾ ಆಯಿತು. ತಪ್ಪು ನನ್ನದು.' ಮೇಯರ್ ಎರಡು ಸಲ ಓದಿ, ಇಷ್ಟು ಚಿಕ್ಕ ವರದಿ ತಮ್ಮ ಕಾಲದಲ್ಲಿ ಬಂದೇ ಇಲ್ಲವೆಂದು ಸಂತೋಷದಿಂದ ಸಹಿ ಹಾಕಿ ಕಪಾಟಿಗೆ ಕಳಿಸಿದರು. ಅರ್ಥವಾಯಿತೇ ಎಂದು ಯಾರೂ ಕೇಳಲಿಲ್ಲ.

ಅಕ್ಟೋಬರ್ ಒಂದು ಗುರುವಾರ. ಅಂದು ಹನ್ನೆರಡು ಐದಕ್ಕೆ ಯೋಕೆ ಚೌಕದಲ್ಲಿ ಕೈಗಡಿಯಾರ ಹಿಡಿದು ನಿಂತಿದ್ದಳು. ಗೋಪುರ ಸುಮ್ಮನಿತ್ತು. ಶುಕ್ರ, ಶನಿ, ಭಾನು ಸುಮ್ಮನಿತ್ತು. ಐದನೇ ತಾರೀಕು ಸೋಮವಾರ ಸೈರನ್ ಕೂಗಿತು, ನಾಯಿಗಳು ಊಳಿಟ್ಟವು, ಹಾವುಮೀನು ಕುಣಿಯಿತು. ಮಂಗಳವಾರ ಮತ್ತೆ ಸುಮ್ಮನಿತ್ತು. ಹನ್ನೆರಡನೇ ತಾರೀಕು ಸೋಮವಾರವೂ ಸುಮ್ಮನಿದ್ದಾಗ ಡೌವೆ ಮುಖ ಸಪ್ಪಗೆ ಮಾಡಿಕೊಂಡು, "ಅಭ್ಯಾಸ ಆಗಿಹೋಗಿತ್ತು ತಾಯಿ, ಊಟದ ಗಂಟೆ ಥರ" ಎಂದ. ಯೋಕೆ ಕೇಕು ತರಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದಳು.

ನವೆಂಬರ್ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ರೊಂಬೌಟ್ ಮಡಿಸಿದ ಹಾಳೆ ಹಿಡಿದು ಅವಳ ಕೋಣೆಗೆ ಬಂದ. ಹೊಸ ರಾಗ ಕಟ್ಟಿದ್ದ, ಈ ಸಲ ವಾಲ್ಟ್ಸ್ ಎಂಬ ನಿಧಾನದ ಕುಣಿತದ್ದು.

"ಇದು ತಿಂಗಳ ಕೊನೇ ಶುಕ್ರವಾರ ಬರ್ಬೇಕು. ಸಂಜೆ ಐದಕ್ಕೆ. ಕೊನೇ ಶುಕ್ರವಾರ ಮಾತ್ರ."

ಯೋಕೆ ಹಾಳೆಯನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಕೆಲವು ತಿಂಗಳಿಗೆ ಮೂವತ್ತು, ಕೆಲವಕ್ಕೆ ಮೂವತ್ತೊಂದು, ಫೆಬ್ರವರಿಯ ಕಥೆಯೇ ಬೇರೆ.

"ಒಂದು ವಾರ ಟೈಮ್ ಕೊಡಿ" ಎಂದಳು.

"ಒಂದು ಸಾಲಿನ ಕೆಲಸ ತಾನೇ?"

"ಹೂಂ" ಎಂದಳು ಯೋಕೆ. "ಅದಕ್ಕೇ."